ಲೋಟದಲ್ಲಿ ಅದ್ದಿದ ಬೆರಳು

"ಗುರುವಾರದ ಆ ಪಿರಿಯಡ್ಡನ್ನ ನೋಟ್ಸಿಗೆ ಬಿಟ್ಕೊಡಿ. ಪ್ರಯೋಗ ಅಂತ ಮಕ್ಕಳು ಬರೀ ಆಟ ಆಡ್ತಾರಂತೆ," ಎಂದಿದ್ದರು ಶಾಲೆಯ ಮುಖ್ಯಸ್ಥೆ ದೊಡ್ಡ ಮೇಡಂ. ಭೌತಶಾಸ್ತ್ರದ ಟೀಚರು ಗೋಗರೆದ ಮೇಲೆ ಒಂದೇ ಒಂದು ಅವಕಾಶ ಸಿಕ್ಕಿತು. ದೊಡ್ಡ ಮೇಡಂ ತಾವೇ ಬಂದು ನೋಡುತ್ತಾರೆ. ಮೆಚ್ಚಿದರೆ ಪಿರಿಯಡ್ ಉಳಿಯುತ್ತದೆ, ಇಲ್ಲದಿದ್ದರೆ ನೋಟ್ಸು.

ಹಾಗಾಗಿ ಇವತ್ತು ಅವರು ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ತುರುಕಿಕೊಂಡು ಕುಳಿತಿದ್ದರು.

ಟೀಚರು ಮೇಜಿನ ಮೇಲೆ ತಕ್ಕಡಿ ಇಟ್ಟರು. ಎರಡು ತಟ್ಟೆಯಲ್ಲೂ ಅರ್ಧ ಲೋಟ ನೀರು. ಮುಳ್ಳು ನಟ್ಟನಡುವೆ.

"ಎಡಗಡೆ ಲೋಟದ ನೀರಿಗೆ ಬೆರಳು ಅದ್ದುತ್ತೀನಿ. ತಳ ಮುಟ್ಟಲ್ಲ, ಅಂಚೂ ಮುಟ್ಟಲ್ಲ. ತಟ್ಟೆ ಕೆಳಗೆ ಹೋಗುತ್ತೆ ಅನ್ನೋರು ಕಿಟಕಿ ಹತ್ರ ನಿಲ್ಲಿ. ಅಲ್ಲಾಡಲ್ಲ ಅನ್ನೋರು ಬಾಗಿಲ ಹತ್ರ."

ಪ್ರಯೋಗಕ್ಕೆ ಮೊದಲೇ ಪಕ್ಷ ಹಿಡಿಯುವುದು ಆ ತರಗತಿಯ ಪದ್ಧತಿ. ಪದ್ಧತಿಗೊಂದು ರೋಗವೂ ಅಂಟಿತ್ತು. 'ರ‍್ಯಾಂಕು' ಎಂದೇ ಕರೆಸಿಕೊಳ್ಳುವ ಜಾಣೆ ಎಲ್ಲಿ ನಿಲ್ಲುತ್ತಾಳೋ ಉಳಿದವರೂ ಅಲ್ಲೇ. ರ‍್ಯಾಂಕು ಬಾಗಿಲಿಗೆ ನಡೆದಳು. ತರಗತಿ ಕುರಿಮಂದೆಯಂತೆ ಹಿಂದೆ ಹೋಯಿತು. ಪರೀಕ್ಷೆಯಲ್ಲಿ ಸದಾ ಕೊನೆಯವಳಾದ, ಎಲ್ಲರೂ 'ಗುಬ್ಬಿ' ಎನ್ನುವ ಹುಡುಗಿಯೊಬ್ಬಳೇ ಕಿಟಕಿಯ ಬಳಿ ಉಳಿದಳು.

"ಏ ಗುಬ್ಬೀ, ಬಾರೇ ಈ ಕಡೆ. ಮಾನ ಹೋಗುತ್ತೆ!"

"ನೀವೇ ಬನ್ರೇ. ಇಲ್ಲಿ ಗಾಳಿ ಚೆನ್ನಾಗಿದೆ."

ದೊಡ್ಡ ಮೇಡಂ ಎದ್ದರು. "ಏನೂ ಮುಟ್ಟದೆ ಭಾರ ಹೇಗ್ರೀ ಬೀಳುತ್ತೆ?" ಎನ್ನುತ್ತ ಅವರೂ ಬಾಗಿಲ ಬಳಿ ನಿಂತರು.

ಟೀಚರ ಬೆರಳು ನೀರಿನ ಮೇಲೇ ನಿಂತಿತು. ದೊಡ್ಡ ಮೇಡಂ ಇಪ್ಪತ್ತಾರು ವರ್ಷ ಇದೇ ಪಾಠ ಹೇಳಿದವರು. ಮಕ್ಕಳೆದುರು ಅವರ ಮುಖಭಂಗ ಮಾಡಿದರೆ ಪಿರಿಯಡ್ ಉಳಿದೀತೇ? ಲೋಟ ಉರುಳಿಸಿ, ಕೈ ಜಾರಿತು ಎಂದುಬಿಡಬಹುದು. ಅತ್ತ ಗುಬ್ಬಿ ಒಂಟಿಯಾಗಿ ಉಗುರು ಕಚ್ಚುತ್ತಿದ್ದಳು.

ಟೀಚರು ಬೆರಳು ಅದ್ದಿದರು. ತಟ್ಟೆ ಕೆಳಗಿಳಿಯಿತು.

ದೊಡ್ಡ ಮೇಡಂ ದಾಪುಗಾಲಿಟ್ಟು ಬಂದರು. "ಸ್ವಲ್ಪ ಸರೀರಿ." ತಾವೇ ಬೆರಳು ಅದ್ದಿದರು, ತೆಗೆದರು, ಮತ್ತೆ ಅದ್ದಿದರು. ತಟ್ಟೆ ಅವರಿಗೂ ದಾಕ್ಷಿಣ್ಯ ತೋರಲಿಲ್ಲ.

"ಯಾಕಮ್ಮಾ ಹೀಗೆ?" ಎಂದು ಗುಬ್ಬಿಯನ್ನೇ ಕೇಳಿದರು.

"ಬಕೆಟ್ ನೀರಲ್ಲಿ ಖಾಲಿ ಡಬ್ಬಿ ಒತ್ತಿದ್ರೆ ನೀರು ಅದನ್ನ ಮೇಲಕ್ಕೆ ತಳ್ಳುತ್ತಲ್ಲ ಮೇಡಂ. ಬೆರಳನ್ನೂ ತಳ್ಳುತ್ತೆ. ಬೆರಳೇನು ಸುಮ್ನಿರುತ್ತಾ? ಅದೂ ನೀರನ್ನ ಕೆಳಕ್ಕೆ ತಳ್ಳುತ್ತೆ."

"ಅಯ್ಯೋ, ಇದನ್ನ ಬೋರ್ಡ್ ಮೇಲೆ ಸಾವಿರ ಸಲ ಬರೆದಿದ್ದೀನಲ್ಲೇ!" ದೊಡ್ಡ ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ತರಗತಿಗೂ ನಗುವ ಧೈರ್ಯ ಬಂತು.

ರ‍್ಯಾಂಕು ಮಾತ್ರ ನಗಲಿಲ್ಲ. "ಬೆರಳಿನ ಬದಲು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ರೆ?"

ಟೀಚರು ಬಾಯಿ ತೆರೆದರು. "ಹೇಳ್ಬೇಡಿ!" ದೊಡ್ಡ ಮೇಡಂ ತಡೆದರು. "ಎಲ್ರೂ ಮೊದಲು ಜಾಗ ಹಿಡೀಲಿ. ನನ್ನನ್ನ ನೋಡ್ಕೊಂಡು ಯಾರೂ ಬರಬೇಡಿ."

ಗಂಟೆ ಹೊಡೆಯಿತು. ಗಣಿತದ ಮೇಷ್ಟ್ರು ಒಳಗೆ ಇಣುಕಿದರು. "ಮೇಡಂ, ಈ ಪಿರಿಯಡ್ ನಂದು."

"ಹತ್ತೇ ನಿಮಿಷ ಸಾರ್. ಇನ್ಮೇಲೆ ಪ್ರತಿ ಗುರುವಾರ ಹೀಗೇನೇ, ಸ್ವಲ್ಪ ಸಹಿಸ್ಕೊಳ್ಳಿ," ಎಂದ ದೊಡ್ಡ ಮೇಡಂ, ಯಾರ ಬಳಿ ದಾರ ಇದೆಯೆಂದು ಮಕ್ಕಳ ಚೀಲಗಳನ್ನು ತಡಕತೊಡಗಿದರು.