ಕೆಳಗಡೆ ಮಾತ್ರ ತುಕ್ಕು

ಗಾಜಿನ ಬಾಗಿಲಿನಿಂದ ಬಿಸಿಲು ಓರೆಯಾಗಿ ಬಂದು ಕಂಪ್ಯೂಟರಿನ ಪರದೆಯ ಮೇಲೆ ಬಿದ್ದಿದೆ, ಕಂಬಿಗಳು ಕಾಣುತ್ತಿಲ್ಲ, ಕಾಣದಿದ್ದರೆ ಪೀಡೆ ಹೋಯಿತು, ಆದರೆ ರಂಗೇಶ್ ಕುರ್ಚಿಯನ್ನು ಗೇಣುದ್ದ ಸರಿಸಿದನೋ ಇಲ್ಲವೋ ಅವು ಮತ್ತೆ ಎದ್ದು ನಿಲ್ಲುತ್ತವೆ, ನೆಟ್ಟಗೆ, ಹಸಿರು ಬಣ್ಣದವು, ತಾನು ಬರೆದ ಟಿವಿಯ ಮುಖದ ಮುಂದೆ — ಯಾರು ಹಾಕು ಅಂದರು ಇವನ್ನು, ಯಾರೂ ಅನ್ನಲಿಲ್ಲ, ಕೈ ತಾನಾಗೇ ಎಳೆಯಿತು, ಎಳೆದ ಮೇಲೂ ಕಣ್ಣಿಗೆ ಬೀಳಲಿಲ್ಲ, ಮೂಗಿನ ಮೇಲಿನ ಕನ್ನಡಕದ ಹಾಗೆ, ತನ್ನೂರಿನ ಪ್ರಸನ್ನ ಕುಮಾರನಿಗೆ ಕಳಿಸಿ ಅವನು ನಕ್ಕ ಮೇಲೆಯೇ ಬಿದ್ದದ್ದು. ಮೊಬೈಲಿನಲ್ಲಿ ಅವನ ದನಿ ಇನ್ನೂ ಇದೆ, ಬೇಡವೆಂದರೂ ಬೆರಳು ಅದನ್ನೇ ಒತ್ತುತ್ತದೆ, ಲೇ ರಂಗೇಶ, ಟಿವಿ ಸೂಪರಾಗೈತೆ ಕಣ್ಲಾ, ಆದ್ರೆ ಆ ಕಂಬಿ ಯಾಕ್ಲಾ ಹಾಕ್ದೆ, ನಮ್ಮಪ್ಪ ಟಿವೀನ ಜೈಲಿಗೆ ಹಾಕಿದ್ನಾ, ತೆಗ್ದಿಡು, ನಾನು ತಾವರೆಕೆರೆ ದಾಟ್ದೆ, ಬಂದ್ಬುಟ್ಟೆ ಅಂದ್ಕೊ. ಬರಲಿ. ಬಂದರೆ ಬರಲಿ, ಇವನೇನು ಹೆದರುತ್ತಾನೆಯೇ, ಮೀಸೆ ಇನ್ನೊಂಚೂರು ದಪ್ಪ ಮಾಡು ಅಂದ ಪುಢಾರಿಯನ್ನೇ ಮೆಟ್ಟಿಲು ಇಳಿಸಿ ಕಳಿಸಿದವನು, ಶಿರಾ ಪೇಟೆಯಲ್ಲಿ ರಂಗೇಶನ ಫ್ಲೆಕ್ಸ್ ಅಂಗಡಿ ಅಂದರೆ ಕೆಲಸ ಚಿನ್ನ, ಬಾಯಿ ಬೆಂಕಿ ಅಂತಲೇ ಹೆಸರು — ಹಿಂದಿನ ಕೋಣೆಯಲ್ಲಿ ಮಿಷನ್ನು ಸರ್ರ್ ಸರ್ರ್ ಎಂದು ಪಾವಗಡದ ಯಾರದೋ ಹುಟ್ಟುಹಬ್ಬವನ್ನು ಉಗುಳುತ್ತಿದೆ, ಶಾಯಿಯ ವಾಸನೆ ಗಂಟಲಿಗೆ ಇಳಿಯುತ್ತದೆ, ಮಧುಗಿರಿಯಲ್ಲಿ ಬೋರ್ಡು ಬರೆಯುವವನ ಹತ್ತಿರ ಬ್ರಶ್ಶು ತೊಳೆಯುತ್ತಾ ಕಲಿತ ಕೈ ಇದು, ಎಷ್ಟು ಫ್ರೇಮು ಮಾಡಿಲ್ಲ, ಬದುಕಿರುವವರಿಗೆ ಹೂವಿನ ಹಾರದ್ದು, ಸತ್ತವರಿಗೆ ಎರಡು ಕಡೆ ದೀಪದ್ದು, ಸತ್ತವರಂತೂ ಸರಿ, ಬದುಕಿರುವವರೂ ಇದೇನು ಮಾಡಿದ್ದೀಯ ಅಂದಿಲ್ಲ. ಈಗ ಟಿವಿಗೊಂದು ಫ್ರೇಮು. ಹೈವೇ ಪಕ್ಕ ಪ್ರಸನ್ನ ಹೋಟೆಲು ತೆಗೆಯುತ್ತಿದ್ದಾನೆ, ನಾಳೆ ಬೆಳಿಗ್ಗೆ ಪೂಜೆ, ಅದರ ಮೂಲೆಯಲ್ಲಿ ದೊಡ್ಡ ಟಿವಿ ಇಟ್ಟು ಹಳೇ ಕಾಲದ ವಿಡಿಯೋ ಗೇಮ್ ಆಡಿಸುತ್ತಾನಂತೆ, ಕಾರಿಳಿದು ಬಂದ ಅಪ್ಪಂದಿರು ತಾವು ಚಿಕ್ಕವರಿದ್ದಾಗ ಆಡಿದ್ದನ್ನು ಮಕ್ಕಳಿಗೆ ತೋರಿಸಲಿ ಅಂತ, ಆಟವೆಲ್ಲ ಅಂಗೈಯಗಲದ ಡಬ್ಬಿಯೊಳಗಿದೆ, ಆದರೆ ಆ ಕಾಲದ ಚೌಕ ಆಟ ಈ ಕಾಲದ ಅಗಲ ಟಿವಿಗೆ ಸಾಲದು, ಎರಡೂ ಮಗ್ಗುಲಲ್ಲಿ ಕಪ್ಪು ಉಳಿಯುತ್ತದೆ, ಅದನ್ನು ಮುಚ್ಚಲು ಸುತ್ತಲೂ ಹಳೇ ಟಿವಿಯೊಂದರ ಚಿತ್ರ, ನಡುವೆ ತೂತು, ತೂತಿನೊಳಗೆ ಆಟ. ಯಾವುದೋ ಟಿವಿ ಬ್ಯಾಡ ಕಣ್ಲಾ, ನಮ್ಮನೆ ಟಿವೀನೇ ಬೇಕು, ಅಂದಿದ್ದ ಪ್ರಸನ್ನ, ಇದೇ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಾ, ಫೋಟೋ ಒಂದೂ ಇಲ್ಲ, ನಿನ್ ತಲೇನೇ ಫೋಟೋ, ದಿನಾ ಜೊತೇಲಿ ಕೂತು ಆಡ್ತಿರಲಿಲ್ವಾ ನೀನೂ ನಾನೂ, ಕೆಳಗಡೆ ನಿನ್ ಹೆಸರೂ ಹಾಕುಸ್ತೀನಿ, ಪ್ರಸನ್ನ ರಂಗೇಶ ಇಬ್ರೂ ಗೆಳೆಯರು ಆಡಿದ ಟಿವಿ ಅಂತ. ರಂಗೇಶ್ ಹೂಂ ಅಂದುಬಿಟ್ಟ. ಬೆಂಕಿ ಬಾಯಿ ಅವತ್ತು ಎಲ್ಲಿ ಹೋಗಿತ್ತು, ಜೊತೇಲಿ ಕೂತು ಅಂದನಲ್ಲ, ಸುಳ್ಳು ಹೇಳುವವನ ಕಣ್ಣೂ ಅಲ್ಲ ಅದು, ನಿಜವೆಂದೇ ನಂಬಿದ್ದಾನೆ, ತನ್ನ ಮಗಳು ಬೇರೆ ಪಕ್ಕದಲ್ಲೇ ಇದ್ದಳು, ಹೌದಾಪ್ಪ, ನೀನೂ ಆಡ್ತಿದ್ದಾ, ಅಂತ ಅವಳ ಮುಖ ಅರಳಿತ್ತು, ಆ ಮುಖ ನೋಡಿಯೇ ಹೂಂ ಬಂದದ್ದಿರಬೇಕು.

ಹರ್ಷಿತಾ ಈಗಲೂ ಪಕ್ಕದ ಟೇಬಲಿನಲ್ಲೇ ಇದ್ದಾಳೆ, ತುಮಕೂರಿನ ಕಾಲೇಜಿಗೆ ರಜೆ, ಅಂಗಡಿಯ ಗೋಡೆಯ ಟಿವಿಗೆ ಡಬ್ಬಿ ಸಿಕ್ಕಿಸಿಕೊಂಡು ಏನೋ ತಿದ್ದುತ್ತಿದ್ದಾಳೆ, ಫ್ರೇಮು ಅಪ್ಪನದು, ಒಳಗಿನ ಆಟದ ಮುಖ ಮಗಳದು, ಶೇಡರ್ ಅಂತಾರಂತೆ ಅದಕ್ಕೆ, ಹೊಸ ಟಿವಿಯಲ್ಲಿ ಹಳೇ ಆಟ ಗಾಜಿನ ಚೂರಿನ ಹಾಗೆ ಕಣ್ಣಿಗೆ ಚುಚ್ಚುತ್ತದೆ, ಅದರ ಮೇಲೆ ಸಣ್ಣ ಸಣ್ಣ ಕಪ್ಪು ಗೆರೆ ಎಳೆದು, ಅಂಚು ಬಾಗಿಸಿ, ಬಣ್ಣ ಒಂಚೂರು ಕದಡಿ, ಹಳೇ ಗಾಜಿನ ಮಬ್ಬು ತರುವುದು, ಥೂ, ಮಬ್ಬು ಹೋಗಲಿ ಅಂತ ಜನ ಹೊಸ ಟಿವಿ ತಂದರು, ಈಗ ಮಬ್ಬು ಮಾಡಿಕೊಡಿ ಅಂತ ಹುಡುಕಿಕೊಂಡು ಬರುತ್ತಾರೆ. ಅಪ್ಪ, ಗೆರೆ ಇಷ್ಟು ಸಾಕಾ, ಅಂತಾಳೆ. ಇನ್ನೊಂಚೂರು ದಪ್ಪ ಮಾಡವ್ವ. ಪ್ರಸನ್ನ ಅಂಕಲ್‌ಗೆ ಈ ಗೆರೆ ಬಲೇ ಇಷ್ಟ ಆಯ್ತಂತೆ, ಕಂಬಿ ಒಂದೇ ಬ್ಯಾಡ್ವಂತೆ, ಅಂತಾಳೆ ಮಗಳು. ಹೂಂ, ಅಡ್ಡಗೆರೆ ಬೇಕು, ಉದ್ದಗೆರೆ ಬೇಡ, ಚಾಪೆಯ ಮೇಲೆ ಕೂತವನಿಗೆ ಉದ್ದಗೆರೆ ಎಲ್ಲಿ ಕಂಡಿತು. ಮಿಕ್ಕದ್ದೆಲ್ಲ ಸರಿ ಇದೆ, ಎರಡು ಕಡೆಗೂ ಜಾರುವ ಮರದ ಬಾಗಿಲು, ಅದಕ್ಕೊಂದು ಬೀಗದ ಚಿಲಕ, ತಲೆಯ ಮೇಲೆ ಕ್ರೋಶಾ ಹಾಕಿದ ಬಿಳಿ ಬಟ್ಟೆ, ಪ್ಲಾಸ್ಟಿಕ್ ಗುಲಾಬಿ, ಬಲಗಡೆ ಒಂದು ಗುಂಡಿ ಕಿತ್ತುಹೋಗಿ ಅದರ ತೂತಿಗೆ ಸಿಕ್ಕಿಸಿದ್ದ ಬೆಂಕಿಕಡ್ಡಿ, ಆ ಬೆಂಕಿಕಡ್ಡಿ ನೋಡಿ ಅತ್ತೇಬುಟ್ಟೆ ಕಣ್ಲಾ ಅಂದಿದ್ದ ಪ್ರಸನ್ನ — ಆದರೆ ಎಡಗಡೆ? ಟಿವಿಯ ಎಡಗಡೆ ಏನಿತ್ತು, ರಂಗೇಶನಿಗೆ ಗೊತ್ತಿಲ್ಲ, ಅಲ್ಲಿಗೆ ಯಾವಾಗಲೂ ಬೀರು ಅಡ್ಡ ಬರುತ್ತಿತ್ತು, ಕತ್ತು ಎಷ್ಟು ಚಾಚಿದರೂ ಕಾಣುತ್ತಿರಲಿಲ್ಲ, ಅದಕ್ಕೇ ಬೀರುವಿನ ಅಂಚನ್ನೇ ಬರೆದ. ಕಂಬಿಗಳದು ಬೇರೆ ಲೇಯರು, ಅದರ ಪಕ್ಕ ಪುಟ್ಟ ಕಣ್ಣಿನ ಗುರುತು, ಒತ್ತಿದರೆ ಕಣ್ಣು ಮುಚ್ಚುತ್ತದೆ, ಕಂಬಿ ಮಾಯ, ಮತ್ತೆ ಒತ್ತಿದರೆ ಹಾಜರ್, ಬೆಳಿಗ್ಗೆಯಿಂದ ಇದೇ ಆಟ, ಎರಡು ಥರವೂ ಡಬ್ಬಿಗೆ ಹಾಕಿಟ್ಟಿದ್ದಾಳೆ ಹರ್ಷಿತಾ, ಯಾವುದು ಅಂತ ನೀನೇ ಹೇಳಪ್ಪ ಅಂದಿದ್ದಾಳೆ, ಹೇಳುವುದೇನು, ಕಂಬಿ ಇಲ್ಲದ್ದು ಎಷ್ಟು ಅಂದವಾಗಿದೆ, ಯಾರು ನೋಡಿದರೂ ಭೇಷ್ ಅನ್ನುತ್ತಾರೆ, ಬರೀ ಒಂದೇ ತೊಂದರೆ, ಆ ಟಿವಿಯನ್ನು ರಂಗೇಶ್ ಎಂದೂ ನೋಡಿಲ್ಲ.

ಕಣ್ಣು ತೆರೆ. ಕಂಬಿ. ಹುಲಿಕುಂಟೆಯಿಂದ ಆಚೆಯ ಆ ಊರು, ಚನ್ನಮಲ್ಲಯ್ಯನವರ ಮನೆ, ಅವರೇ ಪ್ರಸನ್ನನ ಅಪ್ಪ, ಊರಿಗೆಲ್ಲ ಒಂದೇ ಟಿವಿ, ಹಜಾರದೊಳಗೆ ಅವರ ಪೈಕಿ ಮಕ್ಕಳು ಚಾಪೆಯ ಮೇಲೆ, ಹೊರಗೆ ಕಿಟಕಿಯಲ್ಲಿ ಕೇರಿಯ ಮಕ್ಕಳು, ಎಲ್ಲರಿಗಿಂತ ಮುಂದೆ ರಂಗೇಶ, ಒಂದೊಂದು ಕೈಗೆ ಒಂದೊಂದು ಕಂಬಿ, ನಡುವೆ ಹಣೆ, ಹಣೆಯ ಮೇಲೆ ಎರಡು ಗೆರೆ ಮೂಡುವವರೆಗೆ, ಒಳಗೆ ಪ್ರಸನ್ನ ಕ್ಯಾಸೆಟ್ಟನ್ನು ಉಫ್ ಎಂದು ಊದಿ ಸಿಕ್ಕಿಸುತ್ತಾನೆ, ಇಟ್ಟಿಗೆ ಗೋಡೆ ಒಡೆಯುವ ಟ್ಯಾಂಕು, ಟಕ್ ಟಕ್ ಟಕ್, ಬಲಕ್ಕೆ, ಬಲಕ್ಕೆ, ಹಿಂದ್ಗಡೆ ಬಂತು, ಅಂತ ಕಿಟಕಿಯಿಂದ ರಂಗೇಶ ಕೂಗುತ್ತಾನೆ, ಪ್ರಸನ್ನ ಹಿಂದಿರುಗಿ ನೋಡುವುದಿಲ್ಲ, ಇವನು ಹೇಳಿದ ಹಾಗೇ ತಿರುಗಿಸುತ್ತಾನೆ, ಗೆಲ್ಲುತ್ತಾನೆ — ಅದಕ್ಕೇ ಇರಬೇಕು, ಅವನ ತಲೆಯೊಳಗೆ ಆ ದನಿ ಪಕ್ಕದಲ್ಲೇ ಕೂತಿದೆ, ದನಿ ಕಂಬಿ ದಾಟಿ ಹೋಗಿತ್ತು, ಬೆನ್ನ ಹಿಂದಿನ ಹುಡುಗ ದಾಟಿರಲಿಲ್ಲ ಅಂತ ಅವನಿಗೆ ಹೇಗೆ ತಿಳಿಯಬೇಕು. ಅವ್ವ ಲಕ್ಕಮ್ಮ ಅದೇ ಅಂಗಳದ ಮೂಲೆಯಲ್ಲಿ ಅವರ ಕಡ್ಲೆಕಾಯಿ ಸುಲಿಯುತ್ತಾ, ಕಂಬಿ ಮುಟ್ಟಬ್ಯಾಡ ಕಣ್ಲಾ, ಕೈ ಕಟ್ಕೊಂಡು ನೋಡು, ಅಂತಾಳೆ, ಯಾಕವ್ವ, ಮುಟ್ಟಬ್ಯಾಡ ಅಂದ್ರೆ ಮುಟ್ಟಬ್ಯಾಡ, ಕೈ ಕೇಳುತ್ತದೆಯೇ, ಟ್ಯಾಂಕು ತಿರುಗಿದ ಕಡೆಗೆ ಕಂಬಿಯನ್ನೂ ತಿರುಗಿಸುತ್ತದೆ. ದೀಪ ಹಚ್ಚುವ ಹೊತ್ತಿಗೆ ಶಿವರುದ್ರಮ್ಮನವರು ಬರುತ್ತಿದ್ದರು, ಪ್ರಸನ್ನನ ತಾಯಿ, ಬೈಯುವ ಹೆಂಗಸಲ್ಲ, ಹೋಗ್ರಪ್ಪ, ಹೊತ್ತಾಯ್ತು, ನಿಮ್ಮವ್ವಂದಿರು ಕಾಯ್ತಿರ್ತಾರೆ, ಅಂತ ಮೆತ್ತಗೆ ಹೇಳಿ, ಮಕ್ಕಳು ಅಂಗಳ ದಾಟುವ ತನಕ ಕಾದು, ಕೈಯಲ್ಲಿ ತಂಬಿಗೆ — ಬೇಡ, ಮಿಷನ್ನು ನಿಂತಿತಾ, ಇಲ್ಲ, ಓಡುತ್ತಿದೆ, ಕೊರಟಗೆರೆಯವರ ಬ್ಯಾನರು ಇನ್ನೂ ಕತ್ತರಿಸಿಲ್ಲ, ಎದ್ದು ಹೋಗಿ ಕತ್ತರಿಸಬಾರದೇ, ಕೂತಲ್ಲೇ ಕಣ್ಣು ಮುಚ್ಚು, ಕಣ್ಣು ತೆರೆ, ಶಿವರುದ್ರಮ್ಮನವರು ಈಗಲೂ ಗಟ್ಟಿಮುಟ್ಟಾಗಿದ್ದಾರೆ, ನಾಳೆ ಹೋಟೆಲಿನ ಟೇಪು ಕತ್ತರಿಸುವವರು ಅವರೇ.

ಬಾಗಿಲು ದಡಾರನೆ ತೆರೆದು ಬಿಸಿಲೂ ಪ್ರಸನ್ನನೂ ಒಟ್ಟಿಗೇ ಒಳಗೆ ಬಂದರು. ಏನವ್ವ ಹರ್ಷಿತಾ, ನಿಮ್ಮಪ್ಪನ ಟೆಂಪರೇಚರ್ ಎಷ್ಟೈತೆ ಇವತ್ತು, ಹತ್ರ ಹೋಗ್ಬೋದಾ, ಅಂತಾನೆ, ಸ್ಟೂಲು ಎಳೆದುಕೊಳ್ಳುತ್ತಾನೆ, ತೆಗ್ದೇನ್ಲಾ ಕಂಬಿ. ಮಗಳು ಅಪ್ಪನ ಮುಖ ನೋಡಿದಳು. ಇಲ್ದೇ ಇರೋದು ಹಾಕವ್ವ, ಅಂದ ರಂಗೇಶ್. ಗೋಡೆಯ ಮೇಲೆ ಟಿವಿಯೊಳಗೊಂದು ಟಿವಿ ಎದ್ದಿತು, ಬಿಳಿ ಬಟ್ಟೆ, ಗುಲಾಬಿ, ಬೆಂಕಿಕಡ್ಡಿ, ಬಾಗಿದ ಗಾಜಿನ ಹಿಂದೆ ಮಬ್ಬು ಮಬ್ಬಾಗಿ ಇಟ್ಟಿಗೆ ಗೋಡೆ. ಇದು ಕಣ್ಲಾ ನಮ್ಮ ಟಿವಿ, ಅಂದ ಪ್ರಸನ್ನ, ದನಿ ಒಡೆಯಿತು, ಅಪ್ಪ ಇದ್ದಿದ್ರೆ ನೋಡೋನು, ನಿಜವಾದ ನೀರು ಅವನ ಕಣ್ಣಲ್ಲಿ, ಇಂಥವನ ಮೇಲೆ ಹೇಗೆ ರೇಗುವುದು, ರಂಗೇಶ್ ತನ್ನ ಕೋಪವನ್ನು ಹುಡುಕುತ್ತಾನೆ, ಬೇಡದಾಗ ಬರುವುದು, ಬೇಕಾದಾಗ ಇಲ್ಲ ಹಾಳಾದ್ದು. ಬಾರ್ಲಾ, ಒಂದಾಟ ಆಡಾನ, ಅಂತ ಆಟದ ರಿಮೋಟನ್ನು ಅವನ ಅಂಗೈಗೆ ತುರುಕಿದ ಪ್ರಸನ್ನ, ಆಡಪ್ಪ, ನಾನು ನೋಡ್ಬೇಕು, ಅಂದಳು ಮಗಳು. ಹಗುರ. ಇಷ್ಟೊಂದು ಹಗುರವೇ ಇದು, ಕಂಬಿಯ ಹಾಗೆ ಗಟ್ಟಿ, ಕಂಬಿಯ ಹಾಗೆ ತಣ್ಣಗೆ ಇರುತ್ತದೆ ಅಂತಲೇ ಇಷ್ಟು ವರ್ಷ — ಹೆಬ್ಬೆರಳು ತಡಕುತ್ತದೆ, ಗುಂಡು ಹಾರಿಸುವುದು ಯಾವುದು, ಕೆಂಪೋ ಹಳದಿಯೋ, ಟ್ಯಾಂಕು ಗೋಡೆಗೆ ಮೂತಿ ಇಟ್ಟುಕೊಂಡು ನಿಂತಿದೆ, ಹಿಂದ್ಗಡೆ ಬಂತು, ಬಂತು, ಕಣ್ಣಿಗೆ ಎಲ್ಲ ಗೊತ್ತು, ಕೈಗೆ ಏನೂ ಗೊತ್ತಿಲ್ಲ, ಢಂ. ಮರ್ತ್ಬುಟ್ಟೇನ್ಲಾ, ಅಂತ ಪ್ರಸನ್ನ ಅವನ ತೊಡೆಗೆ ಬಡಿದು ನಗುತ್ತಾನೆ. ಮರೆಯಾಕೆ ನಾನ್ಯಾವತ್ತು ಆಡಿದ್ದೆ, ಅಂದ ರಂಗೇಶ್. ಜೋರಾಗಿ ಅಲ್ಲ, ಅವನಿಗೇ ಸೋಜಿಗ, ಬೆಂಕಿ ಇಲ್ಲದ ಬೂದಿಯಂಥ ದನಿ. ಏನಂದೆ. ನಾನ್ಯಾವತ್ತು ಒಳಗೆ ಬಂದಿದ್ದೆ, ಹೇಳು. ಪ್ರಸನ್ನ ಇನ್ನೂ ನಗುತ್ತಲೇ ಇದ್ದಾನೆ, ನಗು ಮುಖದ ಮೇಲೆ ಉಳಿದು ಕಣ್ಣು ಹಿಂದಕ್ಕೆ ಹೋಗುತ್ತಿದೆ, ಹಜಾರದೊಳಗೆ, ಚಾಪೆಯ ಮೇಲೆ ಹುಡುಕುತ್ತಿದೆ. ಹರ್ಷಿತಾ, ಕಂಬಿ ಇರೋದು ಹಾಕು. ಅವಳು ಹಾಕಿದಳು, ಟ್ಯಾಂಕು ಕಂಬಿಗಳ ಹಿಂದೆ ಓಡಾಡತೊಡಗಿತು. ಪ್ರಸನ್ನ ಎದ್ದು ಗೋಡೆಯ ಹತ್ತಿರ ಹೋದ. ಕಿಟಕಿ, ಅಂದ, ನಮ್ಮ ಹಜಾರದ ಕಿಟಕಿ ಅಲ್ವೇನ್ಲಾ ಇದು, ಹೊರಗಡೆಯಿಂದ. ಆಮೇಲೆ ಬೆರಳಿಟ್ಟು, ಮೇಲ್ಗಡೆ ಪೇಂಟು ಹಂಗೇ ಐತೆ, ಕೆಳಗಡೆ ಮಾತ್ರ ಯಾಕಿಷ್ಟು ತುಕ್ಕು, ಅಂತ ಕೇಳಿದ, ನಿಜಕ್ಕೂ ತಿಳಿಯದವನ ಹಾಗೆ, ತಿಳಿಯದೆಯೇ. ನಿಮ್ಮವ್ವ ಬತ್ತಾರಲ್ಲ ನಾಳೆ, ಅಂದ ರಂಗೇಶ್, ಈ ಟಿವಿ ಮುಂದೆ ಕೂರ್ಸಿ ಕೇಳು. ಪೆನ್‌ಡ್ರೈವಿಗೆ ಯಾವುದು ಹಾಕ್ಲಿ, ಅಂದಳು ಹರ್ಷಿತಾ, ಇಬ್ಬರನ್ನೂ ನೋಡದೆ. ಇದೇ, ಅಂದ ರಂಗೇಶ್, ನನ್ ಹೆಸರು ಹಾಕೋದಾದ್ರೆ ಇದೇ. ಪ್ರಸನ್ನ ಅವಳು ಕೊಟ್ಟದ್ದನ್ನು ಅಂಗಿಯ ಜೇಬಿಗೆ ಹಾಕಿ ಜೇಬಿನ ಮೇಲೆ ಕೈಯಿಟ್ಟುಕೊಂಡೇ ಇಳಿದು ಹೋದ, ಬತ್ತೀನ್ಲಾ ಅನ್ನದೆ ಅವನು ಹೋದದ್ದು ಇದೇ ಮೊದಲು.

ಕಾರು ಹೊರಟ ಸದ್ದು, ಮಿಷನ್ನಿನ ಸರ್ರ್ ಸರ್ರ್, ನಾಳೆ ಹಾಕುತ್ತಾನೋ ಬಿಸಾಡುತ್ತಾನೋ, ಕೇಳುತ್ತಾನೋ ಇಲ್ಲವೋ, ಕೇಳಿದರೆ ಆ ಮುದುಕಿ ಏನನ್ನುತ್ತದೆ, ಅಪ್ಪ, ಯಾಕೆ ಕೆಳಗಡೆ ತುಕ್ಕು, ನಂಗೆ ಹೇಳು, ಅಂತ ಮಗಳು ಕೇಳುತ್ತಿದ್ದಾಳೆ, ಹೇಳಬೇಕು, ಬಾಯಿ ತೆರೆದರೆ ಬರುವುದು ಅದೊಂದೇ ಸಂಜೆ, ಅಂಗಳದಲ್ಲಿ ಬೀಳಿಸಿಕೊಂಡ ಗೋಲಿ ಹುಡುಕುತ್ತಾ ಅವನೊಬ್ಬನೇ ಹಿಂದಿರುಗಿದ್ದ, ಶಿವರುದ್ರಮ್ಮನವರು ಕಿಟಕಿಯ ಹೊರಗೆ ನಿಂತಿದ್ದರು, ಮೇಲ್ಗಡೆ ಬೇಕಾಗಿರಲಿಲ್ಲ, ಮಕ್ಕಳ ಕೈ ಎಟುಕುವಷ್ಟೇ, ತಂಬಿಗೆ ಬಗ್ಗಿಸಿ, ಒಂದಾದ ಮೇಲೊಂದು ಕಂಬಿಗೆ, ನಿಧಾನವಾಗಿ, ದೇವರ ಸಾಮಾನು ತೊಳೆಯುವ ಹಾಗೆ, 
ಅವನನ್ನು ಕಂಡು ನಕ್ಕರು ಕೂಡ, ಏನಪ್ಪ, ಏನಾರ ಮರ್ತೋದಾ, ಅಂದರು, ತಂಬಿಗೆ ನಿಲ್ಲಲಿಲ್ಲ, ನೀರು ಕಂಬಿಯ ಗುಂಟ ಇಳಿಯುತ್ತದೆ, ಈಗಷ್ಟೇ ಅವನು ಹಿಡಿದಿದ್ದ ಕಂಬಿ, ಅಂಗೈ ಇನ್ನೂ ಬೆಚ್ಚಗಿದೆ, ಕಂಬಿಯ ಬುಡದಲ್ಲಿ ಒಂದು ಹನಿ, ದಪ್ಪಗಾಗುತ್ತದೆ, ಬೀಳುವುದಿಲ್ಲ, ನೀರು, ಕಂಬಿ, ಹನಿ, ನೀರು ಇಳಿಯುತ್ತದೆ, ಕಂಬಿ —