ಮೂವತ್ತೆರಡನೆಯ ಕಾರ್ಡು

2019ರ ಮಾರ್ಚ್ 12, ಮಂಗಳವಾರ, ಬೆಳಗ್ಗೆ 9 ಗಂಟೆ 40 ನಿಮಿಷ. ಅರ್ಧ ಕಟ್ಟಿದ ಔಷಧಿ ಅಂಗಡಿಯ ಬಾಗಿಲಲ್ಲಿ, ಬೋರಲು ಹಾಕಿದ ಬಾಂಡ್ಲಿಯ ಮೇಲೆ ಕುಳಿತು ಎಸ್ ಮೇಡಂ ತನ್ನ ಭಾವನ ಬಾಯನ್ನೇ ನೋಡುತ್ತಿದ್ದಳು. ಆ ಬಾಯಿಂದ ಒಂದು ಪದ ಉದುರಬೇಕಿತ್ತು. ಸಂಜೆ ಐದರೊಳಗೆ ಉದುರದಿದ್ದರೆ ಅವಳ ಎರಡು ವರ್ಷ ನಾಲ್ಕು ತಿಂಗಳ ಕೆಲಸ ಇನ್ನೊಬ್ಬರ ಮೇಜಿಗೆ ಹೋಗುತ್ತಿತ್ತು.

ಆ ಪದ 'ಸೆಟ್'.

ಅವಳು ಕೆಲಸಕ್ಕಿದ್ದದ್ದು ನಿಘಂಟಿನ ಕಚೇರಿಯಲ್ಲಿ. ನಮ್ಮ ಜನ ದಿನಬೆಳಗಾದರೆ ಆಡುವ ಇಂಗ್ಲಿಷ್ ಪದಗಳಿಗೆ ಅಲ್ಲಿ ಅರ್ಥ ಬರೆಯುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಅಕ್ಷರ, ಆ ಅಕ್ಷರವೇ ಅವರ ಹೆಸರು. ಪಕ್ಕದ ಮೇಜಿನವರು ಕ್ಯೂ ಸಾರ್. ತಮ್ಮ ಅಕ್ಷರವನ್ನು ಹನ್ನೊಂದೇ ದಿನದಲ್ಲಿ ಮುಗಿಸಿದ್ದ ಅವರು, ಅಂದಿನಿಂದ ಪೆನ್ಸಿಲ್ ಚೂಪು ಮಾಡುತ್ತಾ ಅಕ್ಕಪಕ್ಕದವರ ಅಕ್ಷರಗಳ ಮೇಲೆ ಕಣ್ಣಿಟ್ಟಿದ್ದರು.

ಸಂಪಾದಕರ ನಿಯಮಗಳು ಎರಡೇ. ಉದಾಹರಣೆಯ ವಾಕ್ಯವನ್ನು ಯಾರೂ ಸ್ವಂತವಾಗಿ ಹೆಣೆಯಬಾರದು. ನಿಜವಾದ ಬಾಯಿಂದ ನಿಜವಾದ ಕಿವಿಗೆ ಬಿದ್ದಿರಬೇಕು. ಎರಡನೆಯದು, ಕೇಳಿ ಹೇಳಿಸಿಕೊಳ್ಳಬಾರದು. ಆಡಿದವರ ಕಸುಬು, ಜಾಗ, ದಿನ, ಗಂಟೆ ಎಲ್ಲವೂ ಹಳದಿ ಕಾರ್ಡಿನ ಕಾಲಂಗಳಲ್ಲಿ ದಾಖಲಾಗುತ್ತಿದ್ದವು. ಹರೆಯದಲ್ಲಿ ಸಂಪಾದಕರೇ 'ನನ್ನ ಅಜ್ಜಿಯು ಸೇಬನ್ನು ಹಿಡಿದುಕೊಂಡು ಓಡುತ್ತಿದ್ದಾಳೆ' ಎಂದು ಹೆಣೆದು ಪಠ್ಯಪುಸ್ತಕಕ್ಕೆ ಬರೆದಿದ್ದರಂತೆ. ಇಪ್ಪತ್ತು ವರ್ಷ ಶಾಲೆಯ ಮಕ್ಕಳು ಆ ಅಜ್ಜಿಯನ್ನು ಓಡಿಸಿದರು. ಆ ಪಾಪ ಕಳೆಯಲು ಈ ನಿಯಮ.

'ಸೆಟ್' ಪದದ ಮೂವತ್ತೊಂದು ಬಳಕೆಗಳು ಎಸ್ ಮೇಡಂಗೆ ಸಿಕ್ಕಿದ್ದವು. ಹಲ್ಲಿನ ಡಾಕ್ಟರ ಬಳಿ ಬಂದಿದ್ದ ಮುದುಕರೊಬ್ಬರು ತಮ್ಮ ಸೆಟ್ಟನ್ನು ಬಸ್ಸಿನಲ್ಲಿ ಮರೆತದ್ದನ್ನು ಹೇಳಿದ್ದರು. ಕ್ಷೌರದಂಗಡಿಯವನು ಗಿರಾಕಿಯ ಕೂದಲು ಹೇಗೆ ಬಾಚಿದರೂ ಸೆಟ್ ಆಗುತ್ತಿಲ್ಲವೆಂದು ಗೊಣಗಿದ್ದ. ಎದುರುಮನೆಯಾಕೆ ಒಬ್ಬ ವರನ ಫೋಟೋವನ್ನು ತಲೆಕೆಳಗಾಗಿ ಹಿಡಿದು ನೋಡಿ, ನಮ್ಮ ಹುಡುಗಿಗೆ ಸೆಟ್ ಆಗಲ್ಲ ಎಂದು ತೀರ್ಪು ಕೊಟ್ಟಿದ್ದಳು. ಉಳಿದದ್ದು ಒಂದೇ: ಮೆತ್ತಗಿದ್ದದ್ದು ಬಿಗಿದು ಗಟ್ಟಿಯಾಗುವುದು. ಅದನ್ನು ಮನೆಯಲ್ಲೇ ಹಿಡಿಯೋಣವೆಂದು ನಾಲ್ಕು ದಿನ ಅಡುಗೆಮನೆಯಲ್ಲಿ ಹೊಂಚುಹಾಕಿದಳು. ಗಂಡನಿಗೆ ಸುಳಿವು ಸಿಕ್ಕಿತು. "ಮೊಸರು ಬಲು ಚೆನ್ನಾಗಿ ಸೆಟ್ ಆಗಿದೆ. ಬರ್ಕೊಂಡ್ಯಾ?" ಎಂದ. ಕಾರ್ಡಿಗಾಗಿ ಆಡಿದ ಮಾತು, ರದ್ದು.

ಆಗ ನೆನಪಾದವನು ಅಕ್ಕನ ಗಂಡ, ಗಾರೆ ಮೇಸ್ತ್ರಿ. ದಿನಕ್ಕೆ ಐವತ್ತು ಸಲವಾದರೂ ಸೆಟ್ ಆಗ್ಲಿ, ಸೆಟ್ ಆಯ್ತು, ಸೆಟ್ ಆಗೋವರೆಗೆ ಮುಟ್ಟಬೇಡ ಎನ್ನುವ ಮನುಷ್ಯ. ಸುಮ್ಮನೆ ಹೋಗಿ ಕೂತರೆ ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದಳು.

ಆದರೆ ಅಕ್ಕ ಹಿಂದಿನ ದಿನವೇ ಗಂಡನ ಕಿವಿ ಊದಿದ್ದಳು. ನನ್ನ ತಂಗಿ ನಿಮ್ಮ ಮಾತನ್ನು ಪುಸ್ತಕಕ್ಕೆ ಹಾಕಲು ಬರುತ್ತಾಳೆ, ನಾಲಿಗೆ ಹಿಡಿತದಲ್ಲಿರಲಿ, ತವರಿನವರ ಮುಂದೆ ನನ್ನ ಮಾನ ಕಳೆಯಬೇಡಿ ಎಂದು. ಹಾಗಾಗಿ, ಎಂದೂ 'ಬಾರಮ್ಮ' ಎನ್ನುತ್ತಿದ್ದ ಭಾವ ಇಂದು ಗಾರೆ ಮೆತ್ತುವ ಕರಣೆಯನ್ನು ಎದೆಗೆ ಒತ್ತಿಕೊಂಡು, "ದಯವಿಟ್ಟು ಆಸೀನರಾಗಿ" ಎಂದ. ನೆಲದ ಗಾರೆ ಎಳೆಯುತ್ತಿದ್ದ ಆಳು ಇನ್ನೆಷ್ಟು ಹೊತ್ತು ಕಾಯಬೇಕೆಂದು ಕೇಳಿದಾಗ ಎಸ್ ಮೇಡಂ ಪೆನ್ನು ಬಿಚ್ಚಿದಳು. ಭಾವ ಗಂಟಲು ಸರಿಮಾಡಿಕೊಂಡ.

"ಗಾರೆಯು ಗಟ್ಟಿಯಾಗಲು ಇನ್ನೂ ಆರು ತಾಸಿನ ಕಾಲಾವಕಾಶ ಬೇಕಾಗುತ್ತದೆ."

ಮೇಸ್ತ್ರಿಗೆ ಜ್ವರ ಬಂದಿರಬೇಕೆಂದು ಆಳು ಓಡಿಹೋಗಿ ನೀರು ತಂದ. ಭಾವ ಅವನಿಗೆ ಅನಂತ ಧನ್ಯವಾದಗಳನ್ನು ಸಲ್ಲಿಸಿದ.

ಕಾಲೇಜಿನಲ್ಲಿ ಅವಳು ಓದಿದ್ದು ರಸಾಯನಶಾಸ್ತ್ರ. ದ್ರಾವಣದ ಬಿಸಿ ಅಳೆಯಲು ಅದ್ದಿದ ಥರ್ಮಾಮೀಟರು ಆ ಬಿಸಿಯನ್ನೇ ಚೂರು ಕದಿಯುತ್ತದೆಂದು ಮೊದಲ ವರ್ಷದಲ್ಲೇ ಕಲಿತಿದ್ದಳು. ಇಲ್ಲಿ ಥರ್ಮಾಮೀಟರು ಅವಳೇ. ಎಂದಿನಂತೆ ಮಾತಾಡಿ ಭಾವ ಎನ್ನೋಣವೆಂದರೆ ಅದೂ ಕೇಳಿ ಹೇಳಿಸಿಕೊಂಡಂತೆ. ಮರೆಗೆ ಹೋಗಿ ನಿಂತರೆ ಭಾವ ಮಳೆಬಿಸಿಲಿನ ಯೋಗಕ್ಷೇಮ ಕೇಳಿಕೊಂಡು ಅಲ್ಲಿಗೂ ಬರುತ್ತಿದ್ದ. ಮಧ್ಯಾಹ್ನ ಒಂದರವರೆಗೆ, ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷದಲ್ಲಿ, 'ಸೆಟ್' ಬಂದದ್ದು ಸೊನ್ನೆ ಸಲ.

ಅಷ್ಟರಲ್ಲಿ ಕ್ಯೂ ಸಾರ್ ಫೋನು. ಎಸ್ ಡ್ರಾಯರಿನ ಬೀಗದಕೈ ಎಲ್ಲಿಟ್ಟಿರುತ್ತೀರಿ ಎಂದು ಬಲು ವಿನಯದಿಂದ ವಿಚಾರಿಸಿದರು. ಒಂದು ಅರ್ಥಕ್ಕೆ ಕಾರ್ಡಿಲ್ಲದಿದ್ದರೂ ಅಕ್ಷರ ಅವರಿಗೆ, ಅವಳಿಗೆ ನೆಲಮಾಳಿಗೆಯಲ್ಲಿ ಕರಡು ತಿದ್ದುವ ಕೆಲಸ.

ಅವಳು ಎದ್ದಳು. ಚೀಲ ಒಳಗಿನ ಕೋಣೆಯ ಕಿಟಕಿಯ ಮೇಲಿತ್ತು. ನೆಲಮಾಳಿಗೆಯಲ್ಲಿ ಕಿಟಕಿ ಇದೆಯೋ ಇಲ್ಲವೋ ಎಂದು ಯೋಚಿಸುತ್ತಾ ಹೊಸಿಲು ದಾಟಿ ಕಾಲಿಟ್ಟಳು.

"ಕಣ್ಣೇನು ನೆತ್ತಿ ಮೇಲಿದೆಯೇನೇ ಕತ್ತೆ, ಇನ್ನೂ ಸೆಟ್ ಆಗಿಲ್ಲ ಅದು, ತೆಗಿ ಕಾಲು!"

ಮದುವೆಯಾಗಿ ಹತ್ತೊಂಬತ್ತು ವರ್ಷ, ನಾದಿನಿಗೆ ಒಮ್ಮೆಯೂ ಗದರಿರದ ಭಾವ ನಾಲಿಗೆ ಕಚ್ಚಿಕೊಂಡು ನಿಂತಿದ್ದ. ಎಸ್ ಮೇಡಂ ಒಂದು ಕಾಲು ಗಾರೆಯಲ್ಲಿ, ಒಂದು ಕಾಲು ಹೊಸಿಲಲ್ಲಿ ಇಟ್ಟುಕೊಂಡೇ ಕಾರ್ಡು ಹೊರತೆಗೆದಳು.

"ಗಂಟೆ ಎಷ್ಟು ಭಾವ?"

"ಒಂದೂ ಹನ್ನೆರಡು. ಆ ಕತ್ತೆ ಒಂದನ್ನ ಬಿಟ್ಟು ಬರ್ಕೊಳಮ್ಮ. ನಿಮ್ಮಕ್ಕನ ಕಿವಿಗೆ ಬಿದ್ರೆ ನಂಗೆ ಇವತ್ತು ಊಟ ಇಲ್ಲ."

"ಒಂದಕ್ಷರ ಬಿಡೋ ಹಾಗಿಲ್ಲ ಭಾವ. ಕತ್ತೆ ನಾನು ತಾನೇ, ನಿಮಗೇನು ಕಷ್ಟ?"

ಮಾತು ಮಾಮೂಲಿಗೆ ಬಂದಿದ್ದರಿಂದ ಭಾವನ ಕೈಯೂ ಮಾಮೂಲಿಗೆ ಬಂತು. ತೇಪೆಗೆ ಎಷ್ಟು ಗಾರೆ ಬೇಕೆಂದು ತಿಳಿಯಲು ಟೇಪು ಇಳಿಬಿಟ್ಟು ಅವಳ ಕಾಲಿನ ಗುರುತು ಅಳೆದು, ಅಳತೆಯನ್ನು ಆಳಿಗೆ ಕೂಗಿ ಹೇಳಿದ. ಸಂಖ್ಯೆ ಕಿವಿಗೆ ಬಿದ್ದರೆ ಬರೆದುಕೊಳ್ಳದೆ ಇರಲಾರದ ಎಸ್ ಮೇಡಂ ಅದನ್ನೂ ಕಾರ್ಡಿನ ಕೊನೆಯ ಕಾಲಂನಲ್ಲಿ ಗೀಚಿದಳು.

ಬಸ್ಸಿನಲ್ಲಿ ಅವಳು ಕಾರ್ಡನ್ನು ಮತ್ತೆ ಹೊರತೆಗೆದು ಓದಿದಳು. ನಿಜಕ್ಕೂ ಗೊತ್ತಿಲ್ಲದೆ ಇಟ್ಟೆನೇ? ಮನಸ್ಸಿನ ಮೂಲೆಯಲ್ಲೆಲ್ಲೋ ಇಟ್ಟುನೋಡೋಣ ಎಂದಿತ್ತೇ? ಅದಕ್ಕೆ ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ.

ನಾಲ್ಕೂವರೆಗೆ ಸಂಪಾದಕರು ಕಾರ್ಡನ್ನು ಗಟ್ಟಿಯಾಗಿ ಓದಿದರು. 'ಕತ್ತೆ' ಬಂದಾಗ ಎ ಮೇಜಿನಿಂದ ಝಡ್ ಮೇಜಿನವರೆಗೆ ಎಲ್ಲರೂ ತಲೆ ಎತ್ತಿದರು. ಕ್ಯೂ ಸಾರ್ ಮಾತ್ರ ಪೆನ್ಸಿಲ್ ಕೆಳಗಿಟ್ಟು, ಬೇಕೆಂದೇ ಕಾಲಿಟ್ಟು ಬೈಸಿಕೊಂಡರೆ ಅದೂ ಕೇಳಿ ಹೇಳಿಸಿಕೊಂಡಂತೆಯೇ ಅಲ್ಲವೇ ಎಂದು ಸಂಶಯ ಎತ್ತಿದರು. ಅವಳನ್ನು ಕಾಡಿದ್ದ ಸಂಶಯವೇ ಅದು.

ಸಂಪಾದಕರು ಕನ್ನಡಕ ತೆಗೆದರು. "ಬೇಕಂತ ಇಟ್ರೇನಮ್ಮ?"

"ನನಗೆ ತಿಳಿದಮಟ್ಟಿಗೆ ಇಲ್ಲ ಸಾರ್. ಕೊನೇ ಕಾಲಂ ನೋಡಿ."

ಅವರು ನೋಡಿದರು. ಆಮೇಲೆ ಎದ್ದು, ಕಚೇರಿಯವರೆಲ್ಲರ ಎದುರು, ನೆಲ ಹಸಿಯಿದೆಯೆಂದು ಗೊತ್ತಿರುವವರು ಹೇಗೆ ನಡೆಯುತ್ತಾರೆಂದು ನಡೆದು ತೋರಿಸಿದರು: ಹಿಂದಿನ ಕಾಲಿನ ಮೇಲೆ ಭಾರ ಹಾಕಿ, ಮುಂದಿನ ಕಾಲಿನ ಬೆರಳ ತುದಿಯನ್ನಷ್ಟೇ ತಾಗಿಸುತ್ತಾ. ಹಾಗೆ ಇಟ್ಟರೆ ಎರಡು ಮೂರು ಮಿಲಿಮೀಟರ್ ಇಳಿಯಬಹುದು, ಅದೂ ಬೆರಳಿನ ಕಡೆ ಎಂದರು. ಹಿಮ್ಮಡಿ ಮೊದಲು ಊರುವುದು ಏನೂ ಅರಿಯದೆ ನಡೆಯುವವರು. ಇಷ್ಟು ಹೇಳಿ ಕಾರ್ಡಿಗೆ ಮೊಹರು ಒತ್ತಿದರು. ಕ್ಯೂ ಸಾರ್ ಪೆನ್ಸಿಲ್ ಎತ್ತಿಕೊಂಡರು.

ನಿಘಂಟಿನಲ್ಲಿ ಆ ವಾಕ್ಯ ಈಗಲೂ ಕತ್ತೆಯ ಸಮೇತ ಇದೆ. ಕಾರ್ಡಿನ ಕೊನೆಯ ಕಾಲಂ ಅಚ್ಚಾಗಲಿಲ್ಲ. ಅದರಲ್ಲಿದ್ದದ್ದು ಇಷ್ಟೇ: ಹಿಮ್ಮಡಿಯ ಗುರುತಿನ ಆಳ, 18 ಮಿಲಿಮೀಟರ್.