ಹೊತ್ತಿಸದ ಒಲೆ

ಗೀಚಿದ ಕಡ್ಡಿಯನ್ನು ಒಲೆಗೆ ತಾಗಿಸುವ ಮೊದಲೇ ವೇನೇರ ಊದಿ ಆರಿಸಿದಳು. ಬೆಳಗಿನಿಂದ ಇದೇ ಆಗಿತ್ತು. ಕಾಫಿಗೆಂದು ಇಟ್ಟ ನೀರು ಇನ್ನೂ ತಣ್ಣಗೆ ಕೂತಿತ್ತು.

ಸಾವಾದ ಮನೆಯಲ್ಲಿ ಒಲೆ ಉರಿಯಬಾರದು, ನೆರೆಯವರು ಅಡುಗೆ ತಂದು ಉಣ್ಣಿಸಬೇಕು. ಸಿಸಿಲಿಯ ಆ ಗುಡ್ಡದೂರಿನಲ್ಲಿ ಅದನ್ನು ಮೀರಿದವರಿಲ್ಲ. ಆದರೆ ಸತ್ತವಳು ಎದುರು ಮನೆಯ ನುನ್ಸಿಯಾತಾ. ಅಕ್ಕನಲ್ಲ, ತಂಗಿಯಲ್ಲ, ಬರೀ ಗೆಳತಿ. ಗೆಳತಿಗೆ ಸೂತಕವುಂಟೇ? ಒಲೆ ಹೊತ್ತಿಸಿದರೆ ನುನ್ಸಿಯಾತಾ ತನಗೆ ಯಾರೂ ಅಲ್ಲವೆಂದು ಒಪ್ಪಿಕೊಂಡಂತೆ. ಹೊತ್ತಿಸದೆ ಕೂತು, ಬಾಗಿಲಿಗೆ ಯಾರೂ ಬಾರದೇ ಹೋದರೆ? ಆಮೇಲೆ ಯಾವ ಮುಖ ಹೊತ್ತು ಬಾವಿಕಟ್ಟೆಯ ಹತ್ತಿರ ಓಡಾಡುವುದು?

ಕಪ್ಪು ಶಾಲು ಹೊದ್ದು ಇಗರ್ಜಿಗೆ ನಡೆದಳು.

ಮುಂದಿನ ಬೆಂಚಿನಲ್ಲಿ ಪಲೆರ್ಮೊದಿಂದ ಬಂದ, ನುನ್ಸಿಯಾತಾಳ ತಮ್ಮನ ಮಗ ಗಾಸ್ಪರೆ ಹೆಂಡತಿಯೊಡನೆ ಕೂತಿದ್ದ. ವೇನೇರ ಕೊನೆಯ ಕಂಬಕ್ಕೆ ಒರಗಿದಳು. ನುನ್ಸಿಯಾತಾ ಪೂಜೆಗೆ ಯಾವಾಗಲೂ ತಡ, ಬಂದರೆ ಜೊತೆಗೆ ಈರುಳ್ಳಿ ವಾಸನೆ ಎಂದು ಪಾದ್ರಿಗಳು ನೆನೆದಾಗ ಜನ ಮೆಲ್ಲಗೆ ನಕ್ಕರು.

"ತಡವಾಗಿ ಬರೋದು ಮಾತ್ರ ಅಲ್ಲ, ಬೇಗ ಎದ್ದೂ ಹೋಗ್ತಿದ್ಲು," ಎಂದಳು ಪಿಪ್ಪೀನಾ. ರೊಟ್ಟಿ ಅಂಗಡಿಯ ಮುದುಕಿ. ಅವಳ ನಾಲಿಗೆಗೆ ಇಗರ್ಜಿಯೂ ಒಂದೇ, ಬೀದಿಯೂ ಒಂದೇ.

ಪೆಟ್ಟಿಗೆ ಎತ್ತಿದಾಗ ಅದರ ಹಿಂದೆ ಮೊದಲು ನಡೆಯುವವರು ರಕ್ತಸಂಬಂಧಿಗಳು. ವೇನೇರಳ ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಹೋಗಿ, ನಾಚಿ ಹಿಂದೆ ಬಂತು. ಗಾಸ್ಪರೆ ಅದನ್ನು ನೋಡಿ, ಈಕೆ ಯಾರು ಎಂದು ಪಕ್ಕದವರನ್ನು ಕೇಳಿದ.

"ಎದುರು ಮನೆಯವರು."

ಅಷ್ಟೇ. ಸುಳ್ಳೇನೂ ಅಲ್ಲ.

ಮಣ್ಣು ಹಾಕಿಯಾದ ಮೇಲೆ ಗಾಸ್ಪರೆ, ಮನೆಗೆ ಬೀಗ ಹಾಕಿ ಹೊರಡುತ್ತೇವೆ, ದಾರಿಯಲ್ಲೇ ಏನಾದರೂ ತಿನ್ನುತ್ತೇವೆ ಎಂದ. ಹೆಂಗಸರು ಮುಖ ಮುಖ ನೋಡಿಕೊಂಡರು. ಎಲ್ಲರ ಮನೆಯಲ್ಲೂ ಪಾತ್ರೆ ಒಲೆಯ ಮೇಲಿತ್ತು.

"ಊರಿನ ಯಾವ ಸಾವಿಗಾದ್ರೂ ಮೊದಲನೇ ಪಾತ್ರೆ ಅವಳದ್ದು," ಎಂದಳು ಪಿಪ್ಪೀನಾ. "ಈಗ ಅವಳ ಸಾವಿಗೆ ಪಾತ್ರೆ ಹೊತ್ಕೊಂಡು ಹೋಗೋಕೆ ಒಂದು ಮನೆ ಇಲ್ಲ."

ವೇನೇರ ಅದನ್ನು ಕೇಳಿಸಿಕೊಂಡು, ಕೇಳಿಸದವಳಂತೆ ಮನೆಗೆ ಬಂದಳು.

*

ಬಹಳ ವರ್ಷಗಳ ಹಿಂದೆ, ಗಂಧಕದ ಗಣಿಯಲ್ಲಿ ಮುಷ್ಕರ ನಡೆದ ಚಳಿಗಾಲದಲ್ಲಿ ವೇನೇರಳ ಗಂಡನೊಬ್ಬನೇ ಕೆಲಸಕ್ಕೆ ಇಳಿದಿದ್ದ. ಮಣ್ಣು ಕುಸಿದು ಅವನು ಹೋದಾಗ ಅವಳ ಬಾಗಿಲಿಗೆ ಯಾರೂ ಬರಲಿಲ್ಲ. ಮುಷ್ಕರದ ಮುಂದಾಳು ಪಿಪ್ಪೀನಾಳ ಗಂಡ. ನುನ್ಸಿಯಾತಾಳ ತಮ್ಮನೂ ಅವರ ಜೊತೆಗಿದ್ದವನೇ.

ವೇನೇರ ಆರಿದ ಒಲೆಯ ಮುಂದೆ ಹಸಿದು ಕೂತಿದ್ದಳು. ಆಗ ನುನ್ಸಿಯಾತಾ ಬಂದಳು. ಹಿತ್ತಲ ಓಣಿಯಿಂದಲ್ಲ, ನಡು ಮಧ್ಯಾಹ್ನ, ಚೌಕದ ನಟ್ಟನಡುವೆ, ಹಿಡಿಗೆ ಬಟ್ಟೆ ಸುತ್ತಿದ ನೀಲಿ ಪಾತ್ರೆ ಹೊತ್ತು, ಎಲ್ಲ ಕಿಟಕಿಗಳೂ ನೋಡುವಂತೆ.

"ಬಾಗಿಲು ತೆಗಿ. ಕೈ ಖಾಲಿ ಇಲ್ಲ, ತಟ್ಟೋಕಾಗಲ್ಲ."

ಬಡಿಸಿದಳು, ಎದುರಿಗೆ ಕೂತಳು. ವೇನೇರ ಅಳತೊಡಗಿದಾಗ, "ಮೊದಲು ತಿನ್ನು. ಆಮೇಲೆ ಜೊತೇಲಿ ಅಳೋಣ," ಎಂದಳು. ಹಾಗೆಯೇ ಮಾಡಿದರು.

ಅಂದಿನಿಂದ ಊರಿನ ಸಾವುಗಳಿಗೆ ಇಬ್ಬರೂ ಸೇರಿಯೇ ಅಡುಗೆ ಮಾಡುತ್ತಿದ್ದರು. ಈರುಳ್ಳಿ ಹೆಚ್ಚುವುದು ವೇನೇರ, ಹೊತ್ತು ಹೋಗುವುದು ನುನ್ಸಿಯಾತಾ. ಅಷ್ಟು ಬಾಗಿಲುಗಳನ್ನು ಎದುರಿಸುವ ಧೈರ್ಯ ವೇನೇರಳಿಗೆ ಬರಲೇ ಇಲ್ಲ. ಪೂಜೆ ತಪ್ಪಿತಲ್ಲ ಎಂದು ಅವಳು ಚಡಪಡಿಸಿದರೆ ನುನ್ಸಿಯಾತಾ ನಗುತ್ತಿದ್ದಳು: "ಎರಡೂ ಕೈಯಲ್ಲಿ ಪಾತ್ರೆ ಇದೆ, ಮುಗಿಯೋದು ಹೇಗೆ? ದೇವರಿಗೆ ಕಣ್ಣಿದೆ ಬಿಡು."

*

ಮಧ್ಯಾಹ್ನದ ಗಂಟೆ ಹೊಡೆದು ನಿಂತಿತು. ಯಾರೂ ಬರಲಿಲ್ಲ. ವೇನೇರ ತನ್ನ ಹುಚ್ಚುತನಕ್ಕೆ ತಾನೇ ಬೈದುಕೊಂಡು ಬೆಂಕಿಪೊಟ್ಟಣ ಕೈಗೆತ್ತಿಕೊಂಡಳು.

ಹೊರಗೆ ಹೆಜ್ಜೆಗಳ ಸದ್ದಾಯಿತು.

ಕಿಟಕಿಯ ಸಂದಿಯಿಂದ ನೋಡಿದಳು. ಚೌಕದ ನಟ್ಟನಡುವೆ ಪಿಪ್ಪೀನಾ ಬರುತ್ತಿದ್ದಳು. ಕೈಯಲ್ಲಿ ನುನ್ಸಿಯಾತಾಳದೇ ನೀಲಿ ಪಾತ್ರೆ; ಬೀಗ ಬೀಳುವ ಮುಂಚೆ ಗಾಸ್ಪರೆಯಿಂದ ಕೇಳಿ ಪಡೆದಿರಬೇಕು. ಅವಳ ಬೆನ್ನಿಗೆ ಊರಿನ ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ಬಟ್ಟೆ ಮುಚ್ಚಿದ ಪಾತ್ರೆ. ಅವರು ಎದುರು ಮನೆಯ ಬೀಗದ ಮುಂದೆ ಒಂದು ಗಳಿಗೆ ನಿಂತರು.

ಅವರು ಈ ಕಡೆ ತಿರುಗಿದರು.

"ಬಾಗಿಲು ತೆಗಿಯೇ ವೇನೇರಾ. ತಟ್ಟೋಕೆ ಯಾರ ಕೈಯೂ ಖಾಲಿ ಇಲ್ಲ."

ಬಾಗಿಲು ತೆಗೆದಾಗ ಪಿಪ್ಪೀನಾ ಅವಳ ಮುಖ ನೋಡಲಿಲ್ಲ. ಅವಳ ಕೈಯಲ್ಲಿದ್ದ ಬೆಂಕಿಪೊಟ್ಟಣ ನೋಡಿದಳು.

"ಒಲೆ ಹೊತ್ತಿಸಿಬಿಟ್ಯಾ?"

"ಇಲ್ಲ."

"ಸದ್ಯ, ಬಚಾವಾದೆ. ಕೊಡಿಲ್ಲಿ ಅದನ್ನ." ಪಿಪ್ಪೀನಾ ಪಾತ್ರೆಯನ್ನು ಮೇಜಿನ ಮೇಲೆ ಇಳಿಸಿ, ಪೊಟ್ಟಣವನ್ನು ಜೇಬಿಗೆ ಸೇರಿಸಿದಳು. "ಆವತ್ತಿಂದೂ ಸೇರಿಸಿ ತಂದಿದೀನಿ," ಎಂದಳು, ದನಿ ತಗ್ಗಿಸಿ. "ಅದಕ್ಕೇ ಇಷ್ಟು ಭಾರ."

ಒಬ್ಬಳು ತಟ್ಟೆ ಹುಡುಕಿದಳು, ಒಬ್ಬಳು ರೊಟ್ಟಿ ಮುರಿದಳು. ಮೇಜಿನ ಮೇಲೆ ಜಾಗ ಮುಗಿಯಿತು. ಉಳಿದ ಪಾತ್ರೆಗಳನ್ನು ಒಲೆಯ ಮೇಲೇ ಇಟ್ಟರು. ಬೆಂಕಿ ಕಾಣದ ಆ ಒಲೆಯ ಮೇಲೆ ಕೋಳಿ ಸಾರು, ಕಡಲೆ ಸಾರು ಹಬೆಯಾಡಿದವು. ಹಬೆ ಕಿಟಕಿಯ ಗಾಜಿಗೆ ಕಟ್ಟಿ, ಎದುರು ಮನೆಯ ಬೀಗ ಮೆಲ್ಲಗೆ ಅಳಿಸಿಹೋಯಿತು.